ಯಾರಿಗೂ ಚಳಿಯಾಗದ ಹಿಮ

ಹಿಮದ ನಾಡಿನಲ್ಲಿ ನಡೆಯುವ ಮಿಲಿಟರಿ ಥ್ರಿಲ್ಲರ್‌ಗಳ ಬಗ್ಗೆ ನನ್ನದೊಂದು ತಕರಾರಿದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ: ಈ ಪುಸ್ತಕಗಳಲ್ಲಿ ಯಾರಿಗೂ ಚಳಿಯಾಗುವುದಿಲ್ಲ. ಮೈನಸ್ ಮೂವತ್ತು ಡಿಗ್ರಿ ಎಂದು ಮೊದಲ ಪುಟದಲ್ಲಿ ಬರೆದಿರುತ್ತದೆ. ಎರಡನೇ ಅಧ್ಯಾಯದ ಹೊತ್ತಿಗೆ ನಾಯಕ ಓಡುತ್ತಿರುತ್ತಾನೆ, ಮೂರನೆಯದರಲ್ಲಿ ಹಾರುತ್ತಿರುತ್ತಾನೆ. ಕೊನೆಯ ಅಧ್ಯಾಯದವರೆಗೂ ಅವನ ಹತ್ತು ಬೆರಳುಗಳೂ ಸರಾಗವಾಗಿ ಕೆಲಸ ಮಾಡುತ್ತಿರುತ್ತವೆ. ಬಂದೂಕು ಒಮ್ಮೆಯೂ ಕೈಕೊಡುವುದಿಲ್ಲ. ಕಾಲುಚೀಲ ಒದ್ದೆಯಾಗುವುದಿಲ್ಲ.

ಕಥೆ ತಾನೆ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರಿದ್ದಾರೆ. ಕೆಡಿಸಿಕೊಳ್ಳಬೇಕು ಎನ್ನುವುದು ನನ್ನ ವಾದ. ನಮ್ಮ ದೇಶದ ಸೈನ್ಯ 1984ರಿಂದ ನಿಜವಾದ ಹಿಮದ ಮೇಲೆ ಕೂತಿದೆ. ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳ ಹುಡುಗರು ಅಲ್ಲಿ ಜೀವ ಬಿಟ್ಟಿದ್ದಾರೆ. ಆ ಬದುಕಿನ ಬಗ್ಗೆ, ಆ ಸಾವಿನ ಬಗ್ಗೆ ಮಾತಾಡುವಾಗ ನಮ್ಮ ಬಾಯಿಗೆ ಬರುವ ಮಾತುಗಳು ಎಲ್ಲಿಂದ ಬಂದವು ಎಂದು ಹುಡುಕಿದರೆ, ಆ ಹುಡುಕಾಟ ಈ ಥ್ರಿಲ್ಲರ್‌ಗಳ ಬಾಗಿಲಿಗೇ ಬಂದು ನಿಲ್ಲುತ್ತದೆ.

ಆಸ್ಟ್ರೇಲಿಯಾದ ಮ್ಯಾಥ್ಯೂ ರೈಲಿ 1998ರಲ್ಲಿ ಬರೆದ 'ಐಸ್ ಸ್ಟೇಷನ್' ಈ ಜಾತಿಯ ಪುಸ್ತಕಗಳಿಗೆ ಒಂದು ಮಾದರಿ. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರ. ಹಿಮದಡಿಯಲ್ಲಿ ಏನೋ ಸಿಕ್ಕಿದೆ ಎಂಬ ಸುದ್ದಿ. ಶೇನ್ ಸ್ಕೋಫೀಲ್ಡ್ ಎಂಬ ಅಧಿಕಾರಿಯ ಕೈಕೆಳಗಿನ ಅಮೆರಿಕದ ಮರೀನ್ ದಳ ಅಲ್ಲಿಗೆ ಧಾವಿಸುತ್ತದೆ. ಅವರ ಮೇಲೆ ಫ್ರೆಂಚ್ ಕಮಾಂಡೋಗಳು ಬೀಳುತ್ತಾರೆ, ಆಮೇಲೆ ಬ್ರಿಟಿಷರು. ಮಧ್ಯೆ ಹೋವರ್‌ಕ್ರಾಫ್ಟ್‌ಗಳ ಬೆನ್ನಟ್ಟುವಿಕೆ, ನೀರಿನಿಂದ ಮೇಲೇಳುವ ಕೊಲೆಗಾರ ತಿಮಿಂಗಿಲಗಳು. ಪುಸ್ತಕ ಕೈಗೆತ್ತಿಕೊಂಡರೆ ಕೆಳಗಿಡಲಾಗುವುದಿಲ್ಲ ಎಂದು ಅದರ ಅಭಿಮಾನಿಗಳು ಹೇಳುವುದು ಸುಳ್ಳಲ್ಲ. ನಾನೂ ಒಂದೇ ಪಟ್ಟಿಗೆ ಓದಿ ಮುಗಿಸಿದೆ. ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಂಡೆ. ಈ ಕಥೆಯನ್ನು ಎತ್ತಿ ರಾಜಸ್ಥಾನದ ಮರಳುಗಾಡಿನಲ್ಲಿಟ್ಟರೆ ಏನು ಬದಲಾಗುತ್ತದೆ? ತಿಮಿಂಗಿಲದ ಬದಲು ಬೇರೆ ಪ್ರಾಣಿ ಬೇಕಾಗುತ್ತದೆ. ಮಿಕ್ಕಂತೆ ಅದೇ ಓಟ, ಅದೇ ಗುಂಡು, ಅದೇ ಸ್ಫೋಟ. ಅಂದರೆ ಹಿಮ ಅಲ್ಲಿ ಕಂಪನಿ ನಾಟಕದ ಹಿಂದಿನ ಪರದೆಯಂತೆ ಇಳಿಬಿದ್ದಿದೆ, ಅಷ್ಟೆ.

ಆ ಪರದೆಯನ್ನೇ ಯಾಕೆ ಆರಿಸಿಕೊಳ್ಳುತ್ತಾರೆ ಎನ್ನುವುದೂ ಗೊತ್ತಿರುವ ಸಂಗತಿ. ಅಲ್ಲಿ ಊರಿಲ್ಲ, ಕೇರಿಯಿಲ್ಲ, ಪೊಲೀಸರಿಲ್ಲ, ಅಡ್ಡ ಬರುವ ಜನರಿಲ್ಲ. ಎಷ್ಟು ಗುಂಡು ಹಾರಿಸಿದರೂ ಕೇಳುವವರಿಲ್ಲ. ಲೇಖಕನಿಗೆ ಇದೊಂದು ಖಾಲಿ ಮೈದಾನ. ಆದರೆ ವಾಸ್ತವದಲ್ಲಿ ಭೂಮಿಯ ಅತಿದೊಡ್ಡ ಹಿಮಪ್ರದೇಶವಾದ ಅಂಟಾರ್ಕ್ಟಿಕಾದ ಮಟ್ಟಿಗೆ ದೇಶಗಳು ಒಂದು ಒಪ್ಪಂದಕ್ಕೆ ಬಂದಿವೆ. 1959ರಲ್ಲಿ ಸಹಿಯಾದ ಅಂಟಾರ್ಕ್ಟಿಕ್ ಒಪ್ಪಂದದ ಮೊದಲ ವಿಧಿಯೇ ಅಲ್ಲಿ ಸೇನಾ ನೆಲೆ, ಸೇನಾ ಕವಾಯತು, ಶಸ್ತ್ರಾಸ್ತ್ರ ಪರೀಕ್ಷೆ ಯಾವುದೂ ಕೂಡದು ಎನ್ನುತ್ತದೆ. ಭಾರತವೂ 1983ರಲ್ಲಿ ಅದನ್ನು ಒಪ್ಪಿತು. ಅಮೆರಿಕ, ಸೋವಿಯತ್ ರಷ್ಯಾ ಎರಡೂ ಶೀತಲ ಸಮರದ ನಡುವೆಯೇ ಸಹಿ ಹಾಕಿದ ಒಪ್ಪಂದವದು. ಯಾಕೆ ಮತ್ತು ಹೇಗೆ ಹಾಕಿದರು ಎನ್ನುವುದರಲ್ಲೇ ಒಂದು ಒಳ್ಳೆಯ ಥ್ರಿಲ್ಲರ್ ಇದೆ. ಅದನ್ನು ಬರೆಯುವ ತಾಳ್ಮೆ ಯಾರಿಗೂ ಇದ್ದಂತಿಲ್ಲ.

ಇನ್ನು ಚಳಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಬೀದರ್‌ನಲ್ಲೋ ಮಡಿಕೇರಿಯಲ್ಲೋ ಚಳಿಗಾಲದ ಬೆಳಗಿನ ಚಳಿಗೇ ಹಲ್ಲು ಕಟಕಟ ಅನ್ನುತ್ತವೆ. ಹಿಮಪ್ರದೇಶದ ಚಳಿ ಅದರದೇ ದೊಡ್ಡ ರೂಪ ಎಂದುಕೊಂಡರೆ ಸಾಲದು; ಅದರ ನಿಯಮಗಳೇ ಬೇರೆ. ಅಲ್ಲಿ ಮನುಷ್ಯನ ಮೊದಲ ಶತ್ರು ಅವನದೇ ಬೆವರು. ಓಡಿದರೆ ಬೆವರುತ್ತೀರಿ. ಬೆವರಿದರೆ ಒಳಬಟ್ಟೆ ಒದ್ದೆಯಾಗುತ್ತದೆ. ನಿಂತ ಕೂಡಲೇ ಆ ಒದ್ದೆ ತಣ್ಣಗಾಗಿ ಮೈಯ ಶಾಖವನ್ನು ಹೀರತೊಡಗುತ್ತದೆ. ಆದ್ದರಿಂದ ಹಿಮದಲ್ಲಿ ಕೆಲಸ ಮಾಡುವವರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು, ಬೆವರು ಬರದ ಹಾಗೆ ನಡೆ ಎನ್ನುವುದು. ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಬಂದೂಕಿಗೆ ಹಚ್ಚಿದ ಎಣ್ಣೆ ಗಟ್ಟಿಯಾಗಿ ಕುದುರೆ ಕಚ್ಚಿಕೊಳ್ಳುತ್ತದೆ. ಬ್ಯಾಟರಿ ಬೇಗ ಸಾಯುತ್ತದೆ. ಕುಡಿಯುವ ನೀರಿಗೆ ಹಿಮ ಕರಗಿಸಬೇಕು, ಅದಕ್ಕೆ ಸ್ಟೌ ಬೇಕು, ಸ್ಟೌಗೆ ಸೀಮೆಎಣ್ಣೆ ಬೇಕು, ಸೀಮೆಎಣ್ಣೆಯನ್ನು ಯಾರಾದರೂ ಹೊತ್ತು ತರಬೇಕು. ಬೂಟು ಹಾಕಿಕೊಳ್ಳುವುದು, ಉಚ್ಚೆ ಹೊಯ್ಯುವುದು, ಗಂಟು ಬಿಚ್ಚುವುದು, ಪ್ರತಿಯೊಂದೂ ಒಂದು ಕೆಲಸ.

ಇಂಗ್ಲಿಷ್‌ನ ಆಪ್ಸ್‌ಲಿ ಚೆರಿ-ಗೆರಾರ್ಡ್ 1922ರಲ್ಲಿ ಪ್ರಕಟಿಸಿದ 'ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್' ಓದಿದವರಿಗೆ ಇದು ಗೊತ್ತು. 1911ರ ಅಂಟಾರ್ಕ್ಟಿಕ್ ಚಳಿಗಾಲದ ಕತ್ತಲಲ್ಲಿ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆಗಳಿಗಾಗಿ ಹೋದ ಐದು ವಾರಗಳ ಪ್ರಯಾಣ ಅದರಲ್ಲಿದೆ. ಪಾದರಸ ಮೈನಸ್ 60 ಡಿಗ್ರಿಗೂ ಕೆಳಗಿಳಿಯಿತು. ಎರಡು ಜಾರುಬಂಡಿಗಳನ್ನು ಒಟ್ಟಿಗೆ ಎಳೆಯಲಾಗದೆ ಒಂದನ್ನು ಮುಂದಿಟ್ಟು, ಹಿಂದೆ ಬಂದು, ಇನ್ನೊಂದನ್ನು ಎಳೆದರು. ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡೆದರು. ಟೆಂಟಿನಿಂದ ಹೊರಬಂದು ತಲೆ ಎತ್ತಿದರೆ ಬಟ್ಟೆ ಹಾಗೆಯೇ ಸೆಟೆದುಕೊಂಡು ತಲೆ ಇಳಿಸಲಾಗುತ್ತಿರಲಿಲ್ಲ. ಇಡೀ ಪುಸ್ತಕದಲ್ಲಿ ಒಬ್ಬ ಖಳನಾಯಕನಿಲ್ಲ, ಒಂದು ಗುಂಡಿಲ್ಲ. ಓದುತ್ತಾ ಕೂತರೆ ಎದೆ ಹೊಡೆದುಕೊಳ್ಳುತ್ತದೆ. ಮುಂದಿನ ಪುಟದಲ್ಲಿ ಸ್ಟೌ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂಬ ಆತಂಕ ಯಾವ ಬಾಂಬಿನ ಆತಂಕಕ್ಕೂ ಕಡಿಮೆಯದಲ್ಲ.

ಥ್ರಿಲ್ಲರ್ ಲೇಖಕರಿಗೆ ಇದು ಗೊತ್ತಿಲ್ಲ ಎಂದಾದರೆ ಕ್ಷಮಿಸಬಹುದಿತ್ತು. ಗೊತ್ತಿದ್ದವರೂ ಬಿಟ್ಟುಕೊಟ್ಟರು ಎನ್ನುವುದು ನನ್ನ ಸಿಟ್ಟಿಗೆ ಕಾರಣ. ಈ ಜಾನರ್‌ನ ಹಿರಿಯ ಅಲಿಸ್ಟೇರ್ ಮ್ಯಾಕ್ಲೀನ್ ಅವರನ್ನೇ ನೋಡಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಅವರ ಪೇಪರ್‌ಬ್ಯಾಕುಗಳು ರಾಶಿ ಬಿದ್ದಿರುತ್ತಿದ್ದವು. ನಾನೂ ಅಲ್ಲಿಂದಲೇ ತಂದು ಓದಿದವನು. ಸ್ಕಾಟ್ಲೆಂಡಿನ ಮ್ಯಾಕ್ಲೀನ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದವರು, ಉತ್ತರ ಧ್ರುವ ಸಾಗರದಲ್ಲಿ ರಷ್ಯಾ ಕಡೆಗೆ ಹೋಗುತ್ತಿದ್ದ ಹಡಗುಗಳ ಕಾವಲಿಗೆ ಹೋಗಿ ಬಂದವರು. ಯುದ್ಧ ಮುಗಿದ ಮೇಲೆ ಶಾಲಾ ಮೇಷ್ಟ್ರಾದರು. ಮೇಷ್ಟ್ರಾಗಿದ್ದಾಗಲೇ 1955ರಲ್ಲಿ ಮೊದಲ ಕಾದಂಬರಿ 'ಎಚ್‌ಎಂಎಸ್ ಯುಲಿಸಿಸ್' ಬರೆದರು.

ಆ ಕಾದಂಬರಿಯಲ್ಲಿ ಚಳಿ ಇದೆ. ದಣಿದು ದಣಿದು ಕೊನೆಗೆ ಬಂಡೆದ್ದ ನಾವಿಕರನ್ನು ಹೊತ್ತ ಹಡಗು, ಕ್ಷಯದಿಂದ ರಕ್ತ ಕಾರುವ ಕ್ಯಾಪ್ಟನ್. ಅಲೆಯ ತುಂತುರು ಡೆಕ್ಕಿನ ಮೇಲೆ ಬಿದ್ದಲ್ಲೇ ಹಿಮವಾಗುತ್ತದೆ. ಆ ಹಿಮವನ್ನು ಒಡೆದು ಎಸೆಯದಿದ್ದರೆ ಹಡಗು ಮೇಲ್ಭಾರವಾಗಿ ಮಗುಚುತ್ತದೆ. ಇದು ಆ ಯುದ್ಧದ ನಿಜ ಸಂಗತಿ. ಹಾಗಾಗಿ ಕೊಡಲಿ, ಸುತ್ತಿಗೆ ಹಿಡಿದು ಹಿಮ ಒಡೆಯುವುದೂ ಅಲ್ಲಿ ಯುದ್ಧವೇ. ಶತ್ರುವಿನ ವಿಮಾನ ಬರುವ ಮೊದಲೇ ಜನ ಅರ್ಧ ಸತ್ತಿರುತ್ತಾರೆ. ಗೆಲುವು ಎನ್ನುವಂಥದ್ದು ಕೊನೆಯಲ್ಲೂ ಸಿಗುವುದಿಲ್ಲ.

ಎಂಟು ವರ್ಷ ಬಿಟ್ಟು, 1963ರಲ್ಲಿ, ಅದೇ ಮ್ಯಾಕ್ಲೀನ್ 'ಐಸ್ ಸ್ಟೇಷನ್ ಝೀಬ್ರಾ' ಬರೆದರು. ಉತ್ತರ ಧ್ರುವದ ಬಳಿ ತೇಲುವ ಹಿಮದ ಮೇಲಿನ ಹವಾಮಾನ ಕೇಂದ್ರ ಬೆಂಕಿಗೆ ಆಹುತಿಯಾಗಿದೆ. ಬದುಕುಳಿದವರನ್ನು ಕಾಪಾಡಲು ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಯೊಂದು ಹಿಮದಡಿಯಲ್ಲಿ ಸಾಗುತ್ತದೆ. ಬಿರುಗಾಳಿಯಲ್ಲಿ ಹಿಮದ ಮೇಲೆ ಕಾಲ್ನಡಿಗೆಯಲ್ಲಿ ಹೋಗುವ ಭಾಗದಲ್ಲಿ ಹಳೆಯ ಮ್ಯಾಕ್ಲೀನ್ ಇನ್ನೂ ಉಸಿರಾಡುತ್ತಾರೆ. ಆಮೇಲೆ ಕಥೆ ಜಲಾಂತರ್ಗಾಮಿಯ ಬೆಚ್ಚಗಿನ ಹೊಟ್ಟೆಯೊಳಗೆ ಸೇರಿಕೊಂಡು, ನಮ್ಮೊಳಗಿನ ದ್ರೋಹಿ ಯಾರು ಎಂಬ ಪತ್ತೇದಾರಿಯಾಗುತ್ತದೆ. 1968ರಲ್ಲಿ ಜಾನ್ ಸ್ಟರ್ಜಸ್ ಅದನ್ನು ಸಿನಿಮಾ ಮಾಡಿದಾಗ ಉಳಿದಿದ್ದ ಚಳಿಯೂ ಹೋಯಿತು. ಹಿಮದ ದೃಶ್ಯಗಳು ಸ್ಟುಡಿಯೋ ಒಳಗೆ ತಯಾರಾದವು. ಧ್ರುವದ ಬಯಲಲ್ಲಿ ನಿಂತು ರಾಕ್ ಹಡ್ಸನ್ ಮಾತಾಡುವಾಗ ಬಾಯಿಂದ ಉಸಿರಿನ ಹಬೆ ಬರುವುದಿಲ್ಲ. ಚಿಕ್ಕಮಗಳೂರಿನ ಡಿಸೆಂಬರ್‌ನಲ್ಲಿ ಶಾಲೆಗೆ ಹೋಗುವ ಮಗುವಿನ ಬಾಯಿಂದಲೂ ಹಬೆ ಬರುತ್ತದೆ.

ಇದೇ ಕಥೆಯ ಹತ್ತಿರದ ನಿಜ ಘಟನೆಯೊಂದಿದೆ. 1962ರ ಮೇ ಕೊನೆಯಲ್ಲಿ ಅಮೆರಿಕದ ಇಬ್ಬರು ಅಧಿಕಾರಿಗಳು, ಸೋವಿಯತ್ತರು ಬಿಟ್ಟುಹೋಗಿದ್ದ ತೇಲುವ ಹಿಮಕೇಂದ್ರವೊಂದಕ್ಕೆ ಪ್ಯಾರಾಶೂಟಿನಲ್ಲಿ ಇಳಿದರು. ಹಿಮ ಒತ್ತರಿಸಿ ಎದ್ದು ವಿಮಾನದ ಓಡುದಾರಿ ಹಾಳಾದ್ದರಿಂದ ಸೋವಿಯತ್ತರು ಅದನ್ನು ತೊರೆದಿದ್ದರು. ಇಳಿದವರು ಕೆಲವು ದಿನ ಅಲ್ಲಿದ್ದ ಕಾಗದಪತ್ರ, ಉಪಕರಣಗಳನ್ನು ಜೋಡಿಸಿಕೊಂಡರು. ಬಲೂನಿಗೆ ಕಟ್ಟಿದ ಹಗ್ಗವನ್ನು ವಿಮಾನವೊಂದು ಹಾರುತ್ತಲೇ ಕೊಂಡಿಗೆ ಸಿಕ್ಕಿಸಿಕೊಂಡು ಅವರನ್ನು ಮೇಲೆತ್ತಿತು. ಒಂದು ಗುಂಡೂ ಹಾರಲಿಲ್ಲ. ಕಾದಿದ್ದು, ಹುಡುಕಿದ್ದು, ಹವೆ ತಿಳಿಯಾಗಲಿ ಎಂದು ಮತ್ತೆ ಕಾದಿದ್ದು, ಇದೇ ಆ ಕಾರ್ಯಾಚರಣೆಯ ಬಹುಪಾಲು. ಹಾಗಂತ ಅದು ಸಪ್ಪೆಯೇ? ಸಮುದ್ರದ ಮೇಲೆ ತೇಲುತ್ತಾ ದಿನವೂ ಜಾಗ ಬದಲಿಸುವ ನೆಲದ ಮೇಲೆ, ವಿಮಾನ ತಮ್ಮನ್ನು ಮತ್ತೆ ಪತ್ತೆ ಹಚ್ಚುತ್ತದೆ ಎಂದು ನಂಬಿ ಕೂರುವುದಕ್ಕಿಂತ ದೊಡ್ಡ ಸಾಹಸ ಯಾವುದು?

ಈಗ ನನ್ನ ಎದುರಾಳಿಗಳ ಮಾತನ್ನೂ ಕೇಳೋಣ. ನೀವು ಥ್ರಿಲ್ಲರ್‌ನಲ್ಲಿ ಸಾಕ್ಷ್ಯಚಿತ್ರ ಹುಡುಕುತ್ತಿದ್ದೀರಿ, ವೇಗವೇ ಅದರ ಪ್ರಾಣ, ವೇಗ ತೆಗೆದರೆ ಏನು ಉಳಿಯುತ್ತದೆ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಜಗಳ ವೇಗದ ಜೊತೆಗಲ್ಲ. ನಮ್ಮ ಕನ್ನಡದಲ್ಲೇ ಉತ್ತರವಿದೆ. ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿದವರು ಅದು ನಿಧಾನ ಎಂದು ಹೇಳಲಾರರು. ಆದರೆ ಅಲ್ಲಿನ ವೇಗ ಮಲೆನಾಡಿನಿಂದಲೇ ಹುಟ್ಟುತ್ತದೆ. ಏಲಕ್ಕಿಯ ಬೆಲೆ, ಕಾಡಿನ ಕಳ್ಳಸಾಗಣೆ, ಕ್ರಾಸಿನಲ್ಲಿ ನಿಂತವರ ಗುಮಾನಿ, ಇವೆಲ್ಲ ಸೇರಿ ಕಥೆಯನ್ನು ತಳ್ಳುತ್ತವೆ. ಅದನ್ನು ಎತ್ತಿ ಬಯಲುಸೀಮೆಯಲ್ಲಿಟ್ಟರೆ ಕಥೆಯೇ ಇರುವುದಿಲ್ಲ. ಕಾಡಿಗೆ ಕೊಡಬೇಕಾದ ಸುಂಕವನ್ನು ಕೊಟ್ಟು ಪಡೆದ ವೇಗ ಅದು. ಹಿಮದ ಥ್ರಿಲ್ಲರ್‌ಗಳು ಸುಂಕ ಕೊಡದೆ ಗೇಟು ದಾಟುತ್ತವೆ. ಚಳಿಯನ್ನು ಆರಿಸಿಟ್ಟು ವೇಗವನ್ನು ಕೊಳ್ಳುತ್ತವೆ. ನನ್ನ ತಕರಾರು ಇರುವುದು ಅಲ್ಲಿ.

ಹಿಮದಲ್ಲಿ ಯುದ್ಧ ನಿಜಕ್ಕೂ ಹೇಗೆ ಗೆಲ್ಲಲ್ಪಟ್ಟಿತು ಎಂಬುದಕ್ಕೆ ಫಿನ್ಲೆಂಡಿನ ಚಳಿಗಾಲದ ಯುದ್ಧಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಗಡಿ ದಾಟಿತು. ಬಿಳಿ ನಿಲುವಂಗಿ ತೊಟ್ಟು ಹಿಮದ ಮೇಲೆ ಜಾರುತ್ತಾ ಬಂದು ಗುಂಡು ಹಾರಿಸಿ ಮರೆಯಾಗುವ ಫಿನ್ ಯೋಧನ ಚಿತ್ರ ಜಗತ್ತಿಗೆಲ್ಲ ಗೊತ್ತು; ಅದು ಥ್ರಿಲ್ಲರ್‌ಗೆ ಹೇಳಿ ಮಾಡಿಸಿದ ಚಿತ್ರ. ಆದರೆ ಸುವೊಮುಸ್ಸಾಲ್ಮಿ ಹತ್ತಿರದ ರಾಟೆ ರಸ್ತೆಯಲ್ಲಿ 1940ರ ಜನವರಿಯಲ್ಲಿ ಸೋವಿಯತ್ತಿನ 44ನೇ ಡಿವಿಷನ್ ನಾಶವಾದದ್ದು ಬರೀ ಆ ಚುರುಕಿನಿಂದಲ್ಲ. ಉಕ್ರೇನಿನಿಂದ ಬಂದಿದ್ದ ಆ ಸೈನಿಕರಿಗೆ ಕಾಡಿನ ಹಿಮದ ಅಭ್ಯಾಸವಿರಲಿಲ್ಲ. ಇಕ್ಕಟ್ಟಾದ ಒಂದೇ ರಸ್ತೆಯಲ್ಲಿ ಉದ್ದಕ್ಕೆ ಸಾಲುಗಟ್ಟಿದ್ದ ಅವರನ್ನು ಫಿನ್ನರು ತುಂಡು ತುಂಡಾಗಿ ಬೇರ್ಪಡಿಸಿದರು. ಅಡುಗೆ ಬಂಡಿಗಳಿಗೆ ಗುರಿಯಿಟ್ಟರು. ಆಮೇಲೆ ಕಾದರು. ಮಿಕ್ಕ ಕೆಲಸವನ್ನು ಹಸಿವು ಮತ್ತು ಚಳಿ ಮಾಡಿದವು. ತಮ್ಮವರನ್ನು ಮಾತ್ರ ಸರದಿಯ ಮೇಲೆ ಒಲೆ ಹೊತ್ತಿಸಿದ ಟೆಂಟುಗಳಿಗೆ ಕಳಿಸಿ ಬೆಚ್ಚಗಿಟ್ಟರು, ಬಿಸಿ ಊಟ ಕೊಟ್ಟರು. ಹೀಗೆ ಶತ್ರುವನ್ನು ತುಂಡರಿಸಿ ಸುತ್ತುಗಟ್ಟುವುದಕ್ಕೆ ಅವರು ಬಳಸಿದ ಹೆಸರು 'ಮೊಟ್ಟಿ'. ಕಾಡಿನಲ್ಲಿ ಕಡಿದು, ಆಮೇಲೆ ಸಾಗಿಸಿದರಾಯಿತೆಂದು ಒಟ್ಟಿಟ್ಟ ಸೌದೆಯ ಅಟ್ಟಿಗೆ ಅವರ ಭಾಷೆಯಲ್ಲಿ ಇರುವ ಮಾತದು. ಸೌದೆ ಕಡಿಯುವವರ ಶಬ್ದ, ಸೌದೆ ಕಡಿಯುವವರ ತಾಳ್ಮೆ.

ಆ ಯುದ್ಧದ ಬಗ್ಗೆ ಆಂಟ್ಟಿ ಟೂರಿಯವರ 1984ರ ಕಾದಂಬರಿಯನ್ನು ಆಧರಿಸಿ 1989ರಲ್ಲಿ 'ಟಾಲ್ವಿಸೋಟ' ಎಂಬ ಸಿನಿಮಾ ಬಂತು. ಮೂರು ಗಂಟೆಗೂ ಉದ್ದದ್ದು. ಹಳ್ಳಿಯ ರೈತರು ಒಂದು ಕಂದಕ ಹಿಡಿದು ಕೂರುತ್ತಾರೆ. ಶತ್ರು ಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಜೊತೆಯವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಕೊನೆಗೆ ಕದನವಿರಾಮದ ಗಳಿಗೆ ಬರುತ್ತದೆ, ಗುಂಡಿನ ಸದ್ದು ನಿಲ್ಲುತ್ತದೆ, ಸಿನಿಮಾ ಮುಗಿಯುತ್ತದೆ. ತಮ್ಮ ನೆಲದಲ್ಲಿ ತಮ್ಮವರು ಸತ್ತ ಜನ ಹಿಮದ ಯುದ್ಧದ ಕಥೆ ಹೇಳುವುದು ಹೀಗೆ. ಬೇರೆಯವರ ಹಿಮದಲ್ಲಿ ಬೇರೆಯವರು ಸಾಯುವುದನ್ನು ಪಾಪ್‌ಕಾರ್ನ್ ತಿನ್ನುತ್ತಾ ನೋಡುವವರಿಗೆ ಮಾತ್ರ ಹೋವರ್‌ಕ್ರಾಫ್ಟ್ ಬೇಕಾಗುತ್ತದೆ.

ಹಾಗಾದರೆ ನಾವು ಯಾವ ಗುಂಪಿಗೆ ಸೇರಿದವರು? ನಮ್ಮದೂ ಒಂದು ಹಿಮವಿದೆ. ಸಿಯಾಚಿನ್, ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ. ಬಾಲ್ಟಿ ಭಾಷೆಯಲ್ಲಿ ಆ ಹೆಸರಿಗೆ ಗುಲಾಬಿಗಳು ಹೇರಳವಾಗಿರುವ ಜಾಗ ಎಂಬ ಅರ್ಥ ಹೇಳುತ್ತಾರೆ. ಕೆಳಗಿನ ಕಣಿವೆಯಲ್ಲಿ ಕಾಡುಗುಲಾಬಿ ಬೆಳೆಯುತ್ತದೆ. ಥ್ರಿಲ್ಲರ್‌ನವರು ಖಾಲಿ ಎನ್ನುವ ಜಾಗಕ್ಕೆ ಯಾರೋ ಹೂವಿನ ಹೆಸರಿಟ್ಟಿದ್ದರು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಂದಿನಿಂದ ನಮ್ಮ ಸೈನ್ಯ ಅಲ್ಲಿದೆ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ; ಹಲವು ಠಾಣೆಗಳು ಅದಕ್ಕಿಂತಲೂ ಮೇಲಿವೆ. ಬಂದವರನ್ನು ಒಮ್ಮೆಲೇ ಮೇಲೆ ಕಳಿಸುವುದಿಲ್ಲ. ಹಂತ ಹಂತವಾಗಿ ಎತ್ತರಕ್ಕೆ ಒಗ್ಗಿಸುತ್ತಾರೆ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಿದುಳು ಊದಿಕೊಳ್ಳುತ್ತದೆ. ಹಿಮ ಗಟ್ಟಿಯಾಗಿರುವ ರಾತ್ರಿಯ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು, ಬಿರುಕು ಎಲ್ಲಿದೆಯೋ ಎಂದು ಚುಚ್ಚಿ ನೋಡುತ್ತಾ ನಡೆಯುತ್ತಾರೆ. 'ಅವಸರವೇ ಅಪಘಾತಕ್ಕೆ ಕಾರಣ' ಎಂದು ನಮ್ಮ ರಸ್ತೆ ಬದಿಯ ಫಲಕಗಳಲ್ಲಿ ಓದಿ ನಗುತ್ತೇವಲ್ಲ, ಅಲ್ಲಿ ಅದು ನಗುವ ಮಾತಲ್ಲ.

ಅಲ್ಲಿ ಥ್ರಿಲ್ಲರ್‌ನಂಥ ಸಾಹಸ ನಡೆದೇ ಇಲ್ಲವೇ? ನಡೆದಿದೆ. 1987ರ ಜೂನ್‌ನಲ್ಲಿ ನಾಯಿಬ್ ಸುಬೇದಾರ್ ಬಾನಾ ಸಿಂಗ್ ಮತ್ತು ಸಂಗಡಿಗರು 21,000 ಅಡಿಗೂ ಎತ್ತರದ ಪಾಕಿಸ್ತಾನಿ ಠಾಣೆಯನ್ನು ವಶಪಡಿಸಿಕೊಂಡರು. ಅವರಿಗೆ ಪರಮವೀರ ಚಕ್ರ ಬಂತು, ಠಾಣೆಗೆ ಅವರ ಹೆಸರೇ ಬಂತು. ಟಿವಿಯವರು ಇದನ್ನು ಹತ್ತು ನಿಮಿಷದ ರೋಮಾಂಚನ ಮಾಡಿ ತೋರಿಸಬಲ್ಲರು. ಬಿಡಿಸಿ ನೋಡಿದರೆ ಕಾಣುವುದು ಬೇರೆ. ಮೇ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ರಾಜೀವ್ ಪಾಂಡೆಯವರ ತುಕಡಿ ಹಿಮಗೋಡೆಗೆ ಹಗ್ಗ ಕಟ್ಟಿ, ಗುಂಡಿಗೆ ಬಲಿಯಾಯಿತು. ಜೂನ್‌ನಲ್ಲಿ ಹೊರಟವರಿಗೆ ಮೊದಲ ರಾತ್ರಿ ಆ ಹಗ್ಗಗಳೇ ಹಿಮದಡಿ ಸಿಗಲಿಲ್ಲ, ಹಿಂದಿರುಗಿದರು. ಮತ್ತೆ ಹೋದಾಗ ಚಳಿಗೆ ಬಂದೂಕುಗಳು ಕಚ್ಚಿಕೊಂಡವು. ಮೂರ್ನಾಲ್ಕು ದಿನಗಳ ಈ ಸೋಲುಗಳ ನಂತರವೇ ಬಾನಾ ಸಿಂಗ್ ಹಿಮಗಾಳಿಯ ನಡುವೆ ಮೇಲೆ ತಲುಪಿದ್ದು. ಆ ಹಗ್ಗ, ಆ ಕಚ್ಚಿಕೊಂಡ ಬಂದೂಕು, ಆ ವಾಪಸಾತಿ ಇಲ್ಲದ ಕಥೆಯಲ್ಲಿ ಬಾನಾ ಸಿಂಗರ ಧೈರ್ಯಕ್ಕೆ ಅರ್ಥವೇ ಇರುವುದಿಲ್ಲ. ಚಳಿಯನ್ನು ತೆಗೆದುಹಾಕುವ ಲೇಖಕ ವೀರನನ್ನು ದೊಡ್ಡವನನ್ನಾಗಿ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಚಿಕ್ಕವನನ್ನಾಗಿ ಮಾಡುತ್ತಿರುತ್ತಾನೆ.

2003ರ ನವೆಂಬರ್‌ನ ಕದನವಿರಾಮದ ನಂತರ ಅಲ್ಲಿ ಗುಂಡಿನ ಕಾಳಗ ನಿಂತಿತು. ಸಾವು ನಿಲ್ಲಲಿಲ್ಲ. ಸಿಯಾಚಿನ್‌ನಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಿಮಕುಸಿತ, ಬಿರುಕು, ಎತ್ತರದ ಕಾಯಿಲೆ. 2012ರ ಏಪ್ರಿಲ್‌ನಲ್ಲಿ ಗಯಾರಿ ಎಂಬಲ್ಲಿ ಪಾಕಿಸ್ತಾನದ ನೆಲೆಯ ಮೇಲೆ ಹಿಮ ಕುಸಿದು 140 ಜನ ಹೂತುಹೋದರು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ನಮ್ಮ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಕ್ಕಿಬಿದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ವಾರ ನಾಡೆಲ್ಲ ಅವರಿಗಾಗಿ ಪ್ರಾರ್ಥಿಸಿತು, ಅದು ನಿಜವಾದ ಪ್ರೀತಿ. ಆದರೆ ನಾವು ಆಗ ಆಡಿದ ಮಾತುಗಳನ್ನು ನೆನಪಿಸಿಕೊಳ್ಳಿ. ಪವಾಡ, ಸಾವನ್ನೇ ಗೆದ್ದವನು, ಹಿಮಕ್ಕೆ ಸವಾಲೆಸೆದವನು. ಎಲ್ಲವೂ ಥ್ರಿಲ್ಲರ್‌ನ ಹಿಂಬದಿ ರಕ್ಷಾಪುಟದ ಮಾತುಗಳು. ಆ ಆರು ದಿನ ಹೊರಗಿನವರು ಮಾಡಿದ ಕೆಲಸ ಎಂಥದ್ದು? ಕಲ್ಲಿನಂತೆ ಗಟ್ಟಿಯಾದ ಹಿಮದ ಬಂಡೆಗಳನ್ನು ಇಂಚಿಂಚಾಗಿ ಕೊರೆಯುವುದು, ಹವೆ ಕೆಟ್ಟರೆ ನಿಲ್ಲಿಸುವುದು, ಮತ್ತೆ ಕೊರೆಯುವುದು. ಅದನ್ನು ವರ್ಣಿಸಲು ನಮ್ಮ ಬಳಿ ಮಾತೇ ಇರಲಿಲ್ಲ. ಪವಾಡ ಮುಗಿದ ಮೇಲೆ ಕ್ಯಾಮೆರಾಗಳು ಹೋದವು. ಪವಾಡದ ಮುಂದೆ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ.

ಕೇಳಬಹುದಾಗಿದ್ದ ಪ್ರಶ್ನೆಗಳು ನಾಲ್ಕು ವರ್ಷದ ನಂತರ ಒಂದು ಒಣ ವರದಿಯಲ್ಲಿ ಬಂದವು. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟ ಸಿಎಜಿ ವರದಿ, ಎತ್ತರದ ಪ್ರದೇಶಗಳ ಸೈನಿಕರಿಗೆ ಹಿಮದ ಕನ್ನಡಕಗಳ ಕೊರತೆಯಿತ್ತು ಎಂದಿತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹೊಸ ಬೂಟು ಸಿಗದೆ, ಇದ್ದ ಬೂಟುಗಳನ್ನೇ ಮತ್ತೆ ಬಳಸಬೇಕಾಯಿತು ಎಂದಿತು. ಹಳೆಯ ಮಾದರಿಯ ಮುಖಗವಸು, ಜಾಕೆಟ್, ಮಲಗುವ ಚೀಲಗಳನ್ನು ಕೊಂಡದ್ದನ್ನೂ, ಆಹಾರದ ಕೊರತೆಯನ್ನೂ ಎತ್ತಿ ತೋರಿಸಿತು. ಇದು ಹಳೆಯ ಸ್ಥಿತಿ, ಈಗ ಸರಿಪಡಿಸಿದ್ದೇವೆ ಎಂದು ಸೇನೆ ಉತ್ತರಿಸಿತು. ಆ ಉತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಮಕುಸಿತಕ್ಕೂ ಬೂಟಿನ ಕೊರತೆಗೂ ನಾನು ಗಂಟು ಹಾಕುತ್ತಿಲ್ಲ. ಕುಸಿಯುವ ಹಿಮವನ್ನು ಯಾವ ಬೂಟೂ ತಡೆಯದು. ನಾನು ಕೇಳುವುದು ಬೇರೆ. ಹನುಮಂತಪ್ಪನವರಿಗಾಗಿ ಕಣ್ಣೀರು ಹಾಕಿದ ನಮ್ಮಲ್ಲಿ ಎಷ್ಟು ಜನ ಆ ಬೂಟಿನ ಸುದ್ದಿ ಓದಿ ಸಿಟ್ಟಾದೆವು? ಆ ಸುದ್ದಿ ಒಂದೆರಡು ದಿನ ಓಡಿ ನಿಂತಿತು.

ಯಾಕೆ ನಿಂತಿತು ಎಂದರೆ, ನಮ್ಮ ಕಲ್ಪನೆಯ ಹಿಮದ ಯೋಧನಿಗೆ ಬೂಟು ಬೇಕಾಗಿಲ್ಲ. ಅವನಿಗೆ ಚಳಿಯಾಗುವುದಿಲ್ಲ. ಹಸಿವಾಗುವುದಿಲ್ಲ, ಬೆರಳು ಕಪ್ಪಾಗುವುದಿಲ್ಲ, ಮನೆಯ ನೆನಪಾಗುವುದಿಲ್ಲ. ಚಳಿಯೇ ಆಗದವನಿಗೆ ಜಾಕೆಟ್ ಹಳೆಯದಾದರೇನು? ಸಾವಿರ ಪುಟಗಳ ಓಟದಲ್ಲಿ, ನೂರಾರು ಸಿನಿಮಾಗಳ ಸ್ಫೋಟದಲ್ಲಿ ಇಂಥ ಯೋಧನನ್ನು ನಾವು ಒಪ್ಪಿಕೊಂಡಿದ್ದೇವೆ. ಅವನನ್ನು ಹೊಗಳುವುದು ಸುಲಭ, ಅವನಿಗಾಗಿ ಖರ್ಚಿನ ಲೆಕ್ಕ ಕೇಳುವುದು ನೆನಪಾಗುವುದಿಲ್ಲ. ಮನರಂಜನೆಯಿಂದ ಯಾರಿಗೂ ನಷ್ಟವಿಲ್ಲ ಎನ್ನುವವರಿಗೆ ನನ್ನ ಉತ್ತರ ಇದು.

ಸಾಹಿತ್ಯದ ವಿದ್ಯಾರ್ಥಿಗಳು ಥ್ರಿಲ್ಲರನ್ನು ಓದಬಾರದು ಎಂದು ನಾನು ಹೇಳುತ್ತಿಲ್ಲ. ಅದನ್ನು ಬರೀ ಕಾಲಕ್ಷೇಪ ಎಂದು ಮೂಲೆಗೆ ಸರಿಸಿ, ಗಂಭೀರ ಕಾದಂಬರಿಗಷ್ಟೇ ಕಟ್ಟುನಿಟ್ಟಿನ ಪ್ರಶ್ನೆ ಕೇಳುವ ನಮ್ಮ ರೂಢಿ ಬದಲಾಗಬೇಕು ಎನ್ನುತ್ತಿದ್ದೇನೆ. ಗಂಭೀರ ಕಾದಂಬರಿಗಿಂತ ಹತ್ತುಪಟ್ಟು ಜನ ಓದುವುದು, ನೋಡುವುದು ಇದನ್ನೇ. ಪ್ರಶ್ನೆಗಳು ಕಷ್ಟದವೇನಲ್ಲ. ಈ ಕಥೆಯಲ್ಲಿ ಯಾರಿಗೆ ಚಳಿಯಾಯಿತು? ನೀರು ಯಾರು ಕಾಯಿಸಿದರು? ಓಡಿದವನ ಬೆವರು ಏನಾಯಿತು? ಕಾಲುಚೀಲ ಎಲ್ಲಿ ಒಣಗಿತು? ಈ ನಾಲ್ಕಕ್ಕೂ ಉತ್ತರವಿಲ್ಲದ ಪುಸ್ತಕ ಹಿಮದ ಪುಸ್ತಕವಲ್ಲ, ಸೈನಿಕನ ಪುಸ್ತಕವೂ ಅಲ್ಲ.

ಬರೆಯುವವರಿಗೂ ಒಂದು ಮಾತು. ಕೊಡಗು, ಬೆಳಗಾವಿ, ಧಾರವಾಡಗಳ ಎಷ್ಟೋ ಮನೆಗಳಲ್ಲಿ ಹಿಮದ ಮೇಲೆ ಕಾವಲು ಕಾದು ಬಂದವರಿದ್ದಾರೆ. ಹೆಚ್ಚಿನವರು ತಾವಾಗಿ ಮಾತಾಡುವವರಲ್ಲ. ಅವರ ಹತ್ತಿರ ಕೂತು, ಶತ್ರುವಿನ ಬಗ್ಗೆ ಕೇಳುವ ಮೊದಲು, ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿ. ಕನ್ನಡದ ಒಳ್ಳೆಯ ಹಿಮದ ಥ್ರಿಲ್ಲರ್ ಒಂದು ಬರುವುದಿದ್ದರೆ ಅದು ಆ ಬೂಟಿನಿಂದ ಶುರುವಾಗಬೇಕು.